ವೇದನೆ ಮತ್ತು ನಿವೇದನೆ

ಮೊಣಕಾಲಿಗೆ ಸಂಸ್ಕೃತದಲ್ಲಿ ಜಾನು ಎಂದು ಹೆಸರು. ನಮ್ಮ ಕಾವ್ಯಗಳಲ್ಲಿ ಈ ಜಾನುವಿಗೆ ಸ್ವಂತದ ಗೌರವ ಅಷ್ಟಾಗಿ ಇಲ್ಲ. ನಾಯಕನನ್ನು ಆಜಾನುಬಾಹು ಎಂದು ಹೊಗಳುವಾಗ ಕವಿಯ ಕಣ್ಣು ಇರುವುದು ತೋಳಿನ ಮೇಲೆ. ಆ ತೋಳು ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು ತೋರಿಸುವ ಗುರುತಾಗಿ ಮಾತ್ರ ಮೊಣಕಾಲು ಅಲ್ಲಿ ಬಂದು ಹೋಗುತ್ತದೆ. ತೊಡೆಯ ಭಾಗ್ಯ ದೊಡ್ಡದು. ದುರ್ಯೋಧನನ ತೊಡೆ ಮುರಿದ ಕಥೆಗೆ ರನ್ನ ಒಂದು ಕಾವ್ಯವನ್ನೇ ಮೀಸಲಿಟ್ಟ. ಮೊಣಕಾಲಿಗೆ ಅಂಥ ಕವಿಯೊಬ್ಬ ದೊರೆತುದನ್ನು ನಾನು ಕಾಣೆ. ಮೂವತ್ತು ವರ್ಷ ಈ ಕಾವ್ಯಗಳನ್ನು ನಿಂತುಕೊಂಡೇ ಪಾಠ ಹೇಳಿದ ನಾನು ಕೂಡ, ನನ್ನನ್ನು ನಿಲ್ಲಿಸಿಕೊಂಡಿದ್ದ ಅಂಗವನ್ನು ಒಂದು ದಿನವೂ ನೆನೆದವಳಲ್ಲ. ಕೊನೆಗೆ ಅದೇ ನೆನಪು ಮಾಡಿಕೊಟ್ಟಿತು.

ನನ್ನ ಮನೆ ಬಂಟ್ವಾಳದಲ್ಲಿ, ನೇತ್ರಾವತಿಯ ದಡಕ್ಕೆ ಸಮೀಪ. ಪಾಠ ಹೇಳಿದ್ದು ಮೂಡಬಿದಿರೆಯ ಕಾಲೇಜೊಂದರಲ್ಲಿ. ದಿನವೂ ಸಿದ್ಧಕಟ್ಟೆಯ ದಾರಿಯಾಗಿ ಬಸ್ಸಿನಲ್ಲಿ ಹೋಗಿ ಬರುವುದು. ನಮ್ಮ ಕಡೆಯ ಬಸ್ಸುಗಳ ಮೊದಲ ಮೆಟ್ಟಿಲು ಹತ್ತುವವರ ವಯಸ್ಸನ್ನು ಕೇಳಿ ಮಾಡಿದ್ದಲ್ಲ. ಐವತ್ತೈದರ ಆಸುಪಾಸಿನಲ್ಲಿ, ಕಂಡಕ್ಟರು 'ರೈಟ್ ಪೋಯಿ' ಎನ್ನುವುದರೊಳಗೆ ಎರಡೂ ಪಾದಗಳನ್ನು ಒಳಗಿಡುವುದು ನನಗೊಂದು ದಿನನಿತ್ಯದ ಪರೀಕ್ಷೆಯಾಯಿತು. ಮತ್ತೆ ಕೆಲವು ವರ್ಷಗಳಲ್ಲಿ, ವಿದ್ಯಾರ್ಥಿಗಳನ್ನು ಸಾವಿರ ಕಂಬದ ಬಸದಿಗೆ ಕರೆದೊಯ್ದಾಗ, 1430ರಲ್ಲಿ ಕಟ್ಟಿದ ಆ ಬಸದಿಯ ಕಂಬಗಳನ್ನು ಅವರಿಗೆ ತೋರಿಸುವ ಬದಲು ನಾನೇ ಒಂದು ಕಂಬವನ್ನು ಆತು ನಿಲ್ಲುವ ಸ್ಥಿತಿ ಬಂತು. ಎಲುಬುಗಳ ನಡುವಣ ಮೃದ್ವಸ್ಥಿ ಸವೆದು ಎಲುಬಿಗೆ ಎಲುಬು ತಾಗುತ್ತಿದೆ ಎಂದು ಎಕ್ಸ್‌ರೇ ಹೇಳಿತು. ನಿವೃತ್ತಿಯಾದ ಮೇಲೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಬಲಗಾಲಿನ ಕೀಲನ್ನು ಬದಲಾಯಿಸಿಕೊಂಡೆ. ಈಗ ನನಗೆ ಅರುವತ್ತೇಳು. ಅದು ನಡೆದು ಎರಡು ವರ್ಷ ಕಳೆಯಿತು.

ಕೀಲು ಬದಲಾವಣೆ ಎಂದರೆ ಇಡೀ ಮೊಣಕಾಲನ್ನು ಕಿತ್ತು ಇನ್ನೊಂದನ್ನು ಕೂರಿಸುತ್ತಾರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ತೊಡೆಯೆಲುಬಿನ ಕೆಳತುದಿಯನ್ನೂ ಅದರ ಕೆಳಗಣ ಎಲುಬಿನ ಮೇಲ್ತುದಿಯನ್ನೂ ತೆಳ್ಳಗೆ ಕೊಯ್ದು ತೆಗೆದು, ಅವಕ್ಕೆ ಲೋಹದ ಹೊದಿಕೆ ತೊಡಿಸಿ, ನಡುವೆ ಪಾಲಿಎಥಿಲೀನಿನ ಒಂದು ಬಿಲ್ಲೆಯನ್ನು ಇಡುತ್ತಾರೆ. ಸುತ್ತಣ ಸ್ನಾಯು, ನರ, ಚರ್ಮ ಎಲ್ಲವೂ ಹಳೆಯವೇ. ಇಂದಿನ ಕೃತಕ ಕೀಲುಗಳಿಗೆ ಮಾದರಿಯಾದುದು 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂತು. ಅದನ್ನು ರೂಪಿಸಿದವರಲ್ಲಿ ಭಾರತದವರೇ ಆದ ಡಾ. ಚಿತ್ತರಂಜನ್ ರಾಣಾವತ್ ಒಬ್ಬರು. ಅವರೇ ಮುಂದೆ, ಅಟಲ್ ಬಿಹಾರಿ ವಾಜಪೇಯಿಯವರು ಪ್ರಧಾನಿಯಾಗಿದ್ದಾಗ, 2000ದಲ್ಲಿ ಅವರ ಎಡ ಮೊಣಕಾಲಿಗೂ 2001ರಲ್ಲಿ ಬಲ ಮೊಣಕಾಲಿಗೂ ಮುಂಬಯಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು. ಆ ಸುದ್ದಿಯಿಂದ ಈ ಚಿಕಿತ್ಸೆಯ ಹೆಸರು ಹಳ್ಳಿಯ ಜಗಲಿಗಳಿಗೂ ಬಂದು ಮುಟ್ಟಿತು. 2017ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿ, ಹೆಚ್ಚಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿ ಎಂದು ಗೊತ್ತುಪಡಿಸಿದ ಮೇಲೆ, ನಮ್ಮಂಥ ಮಧ್ಯಮ ವರ್ಗದವರಿಗೂ ಧೈರ್ಯ ಬಂತು.

ನನ್ನ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಬಾಗಿದ್ದ ಕಾಲು ನೆಟ್ಟಗಾಯಿತು, ಗಾಯ ಚೆನ್ನಾಗಿ ಮಾದಿತು, ಹೊಸ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದ ವೈದ್ಯರು ಬಹಳ ಸುಂದರವಾಗಿದೆ ಎಂದರು. ಮಗ ಸಿಹಿ ಹಂಚಿದ. ಆದರೆ ನೋವು ಹೋಗಲಿಲ್ಲ. ಮೂರು ತಿಂಗಳು ಕಾಯಿರಿ ಎಂದರು, ಕಾದೆ. ಆರು ತಿಂಗಳಾಯಿತು, ವರ್ಷವಾಯಿತು. ಹಳೆಯ ನೋವು ಹೋಗಿತ್ತು ನಿಜ, ಅದರ ಜಾಗದಲ್ಲಿ ಪರಿಚಯವಿಲ್ಲದ ಇನ್ನೊಂದು ನೋವು ಬಂದು ಕುಳಿತಿತ್ತು. ನನ್ನ ಕಾಲು ಎಲ್ಲರ ಪಾಲಿಗೂ ಗುಣವಾಗಿತ್ತು, ನನ್ನೊಬ್ಬಳನ್ನು ಬಿಟ್ಟು.

ಇಂಥ ಸ್ಥಿತಿಯಲ್ಲಿ ಮನುಷ್ಯನಿಗೆ ನೋವಿಗಿಂತ ಮೊದಲು ನಾಚಿಕೆಯಾಗುತ್ತದೆ. ಮಗ ಹಣ ಹಾಕಿದ್ದಾನೆ, ಸೊಸೆ ರಜೆ ಹಾಕಿ ಶುಶ್ರೂಷೆ ಮಾಡಿದ್ದಾಳೆ, ವೈದ್ಯರು ತಮ್ಮ ಕೆಲಸವನ್ನು ನೆಟ್ಟಗೆ ಮಾಡಿದ್ದಾರೆ. ಇಷ್ಟಾದ ಮೇಲೂ ನೋಯುತ್ತದೆ ಎಂದರೆ ಕೃತಘ್ನತೆಯ ಮಾತಾದೀತು. ಯಾರು ಕೇಳಿದರೂ 'ಪರವಾಗಿಲ್ಲ' ಎಂದು ಹೇಳುವ ಅಭ್ಯಾಸವಾಯಿತು. ಮೊದಲು ಸೌಜನ್ಯಕ್ಕಾಗಿ ಹೇಳಿದ ಸುಳ್ಳು ಕ್ರಮೇಣ ಮನೆಯ ಗೋಡೆಯಾಯಿತು; ಅದರ ಒಳಗೆ ನಾನು, ಹೊರಗೆ ಉಳಿದವರು.

ಆ ಗೋಡೆಯನ್ನು ತಟ್ಟಿದವಳು ನನ್ನ ಅಕ್ಕ. ಅವಳ ಮನೆ ಬೆಳ್ತಂಗಡಿಯ ಆಚೆ. ಅಂಗಳದಲ್ಲಿ ನಿಂತರೆ ಗಡಾಯಿಕಲ್ಲು ಎದುರಿಗೇ ಕಾಣುತ್ತದೆ. ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ ಇರುವ ಬಂಡೆ ಅದು. ಹುಡುಗಿಯರಾಗಿದ್ದಾಗ ಅದರ ಕಲ್ಲು ಕೊರೆದ ಮೆಟ್ಟಿಲುಗಳನ್ನು ನಾವಿಬ್ಬರೂ ಏರಿದ್ದೆವು. ಅವಳು ಮುಂದೆ, ನಾನು ಹಿಂದೆ. ಈಗ ಅಕ್ಕನಿಗೆ ಎಪ್ಪತ್ತೆರಡು. ಅಡುಗೆಮನೆಯಿಂದ ಬಾವಿಕಟ್ಟೆಗೆ ಹೋಗುವುದೂ ಅವಳಿಗೆ ಒಂದು ಯಾತ್ರೆ. ನನ್ನ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿದಾಗ ಅವಳನ್ನು ನೋಡಲು ಹೋಗಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಅವಳು ಕೇಳಿದಳು:

"ಮಕ್ಕಳು ನನಗೂ ಆಪರೇಷನ್ ಮಾಡಿಸಬೇಕು ಅಂತ ಹಟ ಹಿಡಿದಿದ್ದಾರೆ. ನಿನ್ನದನ್ನು ನೋಡಿಯೇ ನಾನು ತೀರ್ಮಾನ ಮಾಡುವುದು. ಹೇಳು, ಬೇನೆ ಉಂಟಾ ಇಲ್ಲವಾ?"

"ಪರವಾಗಿಲ್ಲ ಅಕ್ಕ," ಎಂದೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮತ್ತೆ ಹೇಳಿದಳು: "ನೀನು ಈಗ ಕೈತೊಳೆಯಲು ಅಂಗಳಕ್ಕೆ ಇಳಿದದ್ದನ್ನು ನಾನು ನೋಡಿದೆ. ಮೂರು ಮೆಟ್ಟಿಲು, ಒಂದೊಂದಕ್ಕೂ ಎರಡು ಕಾಲು. ನನ್ನ ಹತ್ತಿರವೂ ನೀನು ಪರವಾಗಿಲ್ಲ ಎಂದರೆ ನಾನು ಯಾರನ್ನು ಕೇಳುವುದು?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂಬ ನೆವದಿಂದ ಎದ್ದು ಬಂದುಬಿಟ್ಟೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಅಕ್ಕ ಬಳಸಿದ 'ಬೇನೆ' ಎಂಬ ಮಾತು ಕಿವಿಯಲ್ಲೇ ಇತ್ತು. ನಮ್ಮ ತುಳುವಿನಲ್ಲಿ ನೋವಿಗೆ ಅದೇ ನಿತ್ಯದ ಮಾತು. ಕನ್ನಡದಲ್ಲಿ ಹೆರಿಗೆಯ ನೋವಿಗೆ ಅದನ್ನು ವಿಶೇಷವಾಗಿ ಬಳಸುತ್ತೇವೆ. ಎದ್ದು ಕಿಟೆಲ್ಲರ ನಿಘಂಟನ್ನು ತೆಗೆದೆ. 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದ ಆ ಮಹಾಗ್ರಂಥದಲ್ಲಿ ಬೇನೆ ಎಂಬುದು ವೇದನೆಯ ತದ್ಭವ. ಇದನ್ನು ನಾನು ತರಗತಿಯಲ್ಲಿ ಎಷ್ಟೋ ಬಾರಿ ಹೇಳಿದ್ದೆ. ಅದರ ಮುಂದಿನ ಹೆಜ್ಜೆಯನ್ನು ಮಾತ್ರ ಯೋಚಿಸಿರಲಿಲ್ಲ. ವೇದನೆಯ ಮೂಲದಲ್ಲಿರುವುದು ವಿದ್ ಎಂಬ ಧಾತು. ಅದಕ್ಕೆ ತಿಳಿ, ಅರಿ ಎಂದು ಅರ್ಥ. ವಿದ್ಯೆ, ವಿದ್ವಾಂಸ ಎಂಬ ಶಬ್ದಗಳು ಹುಟ್ಟಿದ್ದೂ ಅಲ್ಲಿಂದಲೇ. ವಿದ್ಯೆಯನ್ನು ನಂಬಿ ಬಾಳಿದ ನಾನು ವೇದನೆ ಅವಳ ಒಡಹುಟ್ಟಿದವಳೆಂದು ಗುರುತಿಸಿರಲಿಲ್ಲ. ಅದೇ ಮನೆತನದ ಇನ್ನೊಂದು ಶಬ್ದ ನಿವೇದನೆ, ಎಂದರೆ ತಿಳಿಯಪಡಿಸುವುದು. ನನ್ನಲ್ಲಿ ವೇದನೆ ಇತ್ತು, ನಿವೇದನೆ ಇರಲಿಲ್ಲ.

ಮೂಡಬಿದಿರೆಯವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಅಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಲಾ ಗ್ರಂಥದ ಓಲೆಗರಿಗಳು ಜಗತ್ಪ್ರಸಿದ್ಧವಾದವು. ಭಾಷೆ ಪ್ರಾಕೃತ, ಲಿಪಿ ನಮ್ಮ ಹಳಗನ್ನಡದ್ದು. ಧವಲಾ ವ್ಯಾಖ್ಯಾನಿಸುವ ಷಟ್ಖಂಡಾಗಮದ ನಾಲ್ಕನೆಯ ಖಂಡಕ್ಕೆ ವೇದನಾ ಎಂದೇ ಹೆಸರು. ಅಲ್ಲಿ ವೇದನೆ ಎಂದರೆ ಕರ್ಮಫಲದ ಅನುಭವ, ಮೊಣಕಾಲಿನ ನೋವಲ್ಲ. ಆದರೂ ಒಂದು ಮಾತು ನನಗೆ ಉಪಯೋಗಕ್ಕೆ ಬಂತು. ಜೈನರ ಎಂಟು ಕರ್ಮಗಳಲ್ಲಿ ವೇದನೀಯ ಒಂದು. ಅದರಲ್ಲಿ ಎರಡು ಬಗೆ: ಸುಖವನ್ನು ಉಣಿಸುವ ಸಾತಾ, ದುಃಖವನ್ನು ಉಣಿಸುವ ಅಸಾತಾ. ಜೇನು ಸವರಿದ ಕತ್ತಿಯ ಅಲಗನ್ನು ನೆಕ್ಕಿದಂತೆ ಎಂದು ಅದಕ್ಕೆ ಉಪಮೆ ಕೊಡುತ್ತಾರೆ. ಎರಡನ್ನೂ ಅರಿಯುವ ನಾಲಿಗೆ ಒಂದೇ.

ಮರುದಿನ ಒಂದು ನೋಟುಪುಸ್ತಕ ತೆಗೆದುಕೊಂಡೆ. ವೈದ್ಯರು ಪ್ರತಿ ಸಲವೂ ಸೊನ್ನೆಯಿಂದ ಹತ್ತರ ತನಕ ಎಷ್ಟು ನೋವು ಎಂದು ಕೇಳುತ್ತಿದ್ದರು, ನಾನು ಅವರಿಗೆ ಬೇಸರವಾಗದಂತೆ ಒಂದು ಅಂಕಿ ಹೇಳಿ ಬರುತ್ತಿದ್ದೆ. ಸಾವಿರಾರು ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವಳಿಗೆ ತನ್ನ ನೋವಿಗೆ ಅಂಕ ಹಾಕಲು ಬರಲಿಲ್ಲ. ಅಂಕಿಯ ಬದಲು ಮಾತುಗಳನ್ನು ಬರೆಯತೊಡಗಿದೆ. ಬೆಳಿಗ್ಗೆ ಏಳುವಾಗ ಬಿಗಿತ, ಹತ್ತು ಹೆಜ್ಜೆಯಲ್ಲಿ ಸಡಿಲವಾಗುತ್ತದೆ. ಮೆಟ್ಟಿಲು ಇಳಿಯುವಾಗ ಚಳುಕು, ಹತ್ತುವಾಗ ಅಷ್ಟಿಲ್ಲ. ಗಾಯದ ಗೆರೆಯ ಹೊರಬದಿಗೆ ಜೋಮು. ರಾತ್ರಿ ಹೊದಿಕೆ ತಾಗಿದರೂ ಉರಿ. ಹೆಚ್ಚು ನಡೆದ ಮರುದಿನ ಸೆಳೆತ. ನಾನು ಒಂದೇ ನೋವು ಎಂದು ತಿಳಿದಿದ್ದದ್ದು ನಾಲ್ಕೈದು ನೋವುಗಳ ಕೂಡುಕುಟುಂಬವಾಗಿತ್ತು.

ಆ ಪುಟಗಳನ್ನು ಓದಿದ ವೈದ್ಯರು ಮೊದಲ ಸಲ ನನ್ನನ್ನು ಅರ್ಧ ಗಂಟೆ ಕೂರಿಸಿಕೊಂಡರು. ಕೀಲಿನಲ್ಲಿ ಸೋಂಕಿಲ್ಲವೆಂದು ರಕ್ತಪರೀಕ್ಷೆಯಿಂದಲೂ, ಲೋಹ ಸಡಿಲವಾಗಿಲ್ಲವೆಂದು ಚಿತ್ರದಿಂದಲೂ ಖಚಿತಪಡಿಸಿಕೊಂಡರು. ಸೊಂಟದ ಕೀಲಿನ ಅಥವಾ ಬೆನ್ನೆಲುಬಿನ ತೊಂದರೆ ಕೂಡ ಮೊಣಕಾಲಿನ ನೋವಾಗಿ ತೋರಬಹುದೆಂದು ಅವನ್ನೂ ಪರೀಕ್ಷಿಸಿದರು. ಜೋಮು, ಚರ್ಮದ ಒಂದು ಸಣ್ಣ ನರವನ್ನು ಕೊಯ್ದುದರ ಫಲ. ಅದು ಬಹುಮಂದಿಗೆ ಆಗುವಂಥದು. ಉರಿ ನರದ್ದು, ಅದಕ್ಕೆ ಬೇರೆ ಮಾತ್ರೆ. ಚಳುಕು ತೊಡೆಯ ಸ್ನಾಯುವಿನ ದೌರ್ಬಲ್ಯ, ಅದಕ್ಕೆ ವ್ಯಾಯಾಮ. ಉಳಿದುದಕ್ಕೆ ಅವರು ಕೊಟ್ಟ ವಿವರಣೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಹತ್ತು ವರ್ಷ ಕಳ್ಳನ ಕಾಟವಿದ್ದ ಮನೆಯ ನಾಯಿ, ಕಳ್ಳ ಊರು ಬಿಟ್ಟ ಮೇಲೂ ಎಲೆ ಅಲುಗಿದರೆ ಬೊಗಳುತ್ತದೆ. ದೀರ್ಘಕಾಲ ನೊಂದವರ ನರಮಂಡಲವೂ ಹಾಗೆಯೇ. ಬೊಗಳುವುದು ಸುಳ್ಳಲ್ಲ, ಕಳ್ಳನಿಲ್ಲ, ಅಷ್ಟೆ.

ಇದು ನನ್ನೊಬ್ಬಳ ದುರದೃಷ್ಟವೂ ಅಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಮೊಣಕಾಲಿನ ಕೀಲು ಬದಲಾಯಿಸಿಕೊಂಡವರಲ್ಲಿ ನೂರಕ್ಕೆ 10ರಿಂದ 34 ಮಂದಿಗೆ ನೋವು ಬಹುಕಾಲ ಉಳಿಯುತ್ತದೆ. ಸ್ಥೂಲವಾಗಿ ಐವರಲ್ಲಿ ಒಬ್ಬರು ಎಂದು ವೈದ್ಯರು ಹೇಳುತ್ತಾರೆ. ಆ ಒಬ್ಬಳು ನಾನು ಎಂದು ತಿಳಿದಾಗ ನನಗೆ ದುಃಖಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು.

ಅಲ್ಲಿಂದ ಮುಂದೆ ಬದುಕಿನ ಲೆಕ್ಕ ಬೇರೆಯಾಯಿತು. ಮೊದಲು ಕಾಲು ಹಗುರವಾದ ದಿನ ಅಂಗಳ ಗುಡಿಸಿ, ಕಪಾಟು ಒರೆಸಿ, ಪೇಟೆಗೂ ಹೋಗಿ ಬಂದು, ಮತ್ತೆ ಮೂರು ದಿನ ಮಲಗುತ್ತಿದ್ದೆ. ನೋವು ಹೇಳಿದಾಗ ನಿಲ್ಲಿಸಬೇಡಿ, ಗಡಿಯಾರ ಹೇಳಿದಾಗ ನಿಲ್ಲಿಸಿ ಎಂದು ವ್ಯಾಯಾಮ ಕಲಿಸುವ ಹುಡುಗಿ ತಾಕೀತು ಮಾಡಿದಳು. ಈಗ ಇಪ್ಪತ್ತು ನಿಮಿಷ ನಡೆಯುತ್ತೇನೆ, ಚೆನ್ನಾಗಿದ್ದ ದಿನವೂ ಇಪ್ಪತ್ತೇ, ಕೆಟ್ಟ ದಿನವೂ ಆದಷ್ಟು ಇಪ್ಪತ್ತೇ. ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ. ಜೋಮಿರುವ ಕಡೆ ಬಿಸಿಯಾಗಲಿ ತಣ್ಣಗಾಗಲಿ ಬಹಳ ಹೊತ್ತು ಇಡಬಾರದು, ಸುಟ್ಟರೂ ತಿಳಿಯುವುದಿಲ್ಲ. ಅಂಗಡಿಯಿಂದ ತಾವಾಗಿ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುವವರು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ನೆನೆಯಬೇಕು. ಇಷ್ಟೆಲ್ಲ ಸಹನೆಯ ಮಾತು ಹೇಳಿದರೂ, ಜ್ವರ ಬಂದರೆ, ಕೀಲು ಕೆಂಪಾಗಿ ಬಿಸಿಯಾದರೆ, ಗಾಯದಿಂದ ಕೀವು ಒಸರಿದರೆ, ಮೀನಖಂಡ ಬಾತರೆ, ಇಲ್ಲವೆ ಸುಮ್ಮನಿದ್ದ ನೋವು ಹಠಾತ್ತಾಗಿ ಎದ್ದರೆ ಸಹಿಸಿ ಕೂರಬಾರದು. ಅಂದೇ ವೈದ್ಯರಲ್ಲಿಗೆ ಹೋಗಬೇಕು. ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ತಡಮಾಡಬಾರದು.

ಅಕ್ಕನಿಗೆ ಕೊಡಬೇಕಾದ ಉತ್ತರ ಬಾಕಿ ಇತ್ತು. ಮೂಡಬಿದಿರೆಯಲ್ಲಿ ಒಂದು ಕೆಲಸವಿದ್ದ ದಿನ ಅಲ್ಲಿಂದ ವೇಣೂರಿನ ದಾರಿಯಾಗಿ ಹೊರಟೆ. ಫಲ್ಗುಣಿಯ ದಡದ ಬಾಹುಬಲಿಯ ಎದುರು ಸ್ವಲ್ಪ ಹೊತ್ತು ನಿಂತೆ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ವಿಗ್ರಹ. ಹಿಂದೆಲ್ಲ ಅವನ ಮುಖವನ್ನು ನೋಡಿ ಕೈಮುಗಿದವಳು ಅಂದು ಮೊಣಕಾಲನ್ನು ನೋಡಿದೆ. ಒಂದು ವರ್ಷ ನಿಂತ, ಕಾಲಿಗೆ ಬಳ್ಳಿ ಹಬ್ಬಿತು ಎಂದು ಕಥೆ. ಅವನು ಮಾತಾಡಲಿಲ್ಲ, ಅವನಿಗೆ ಆ ಮೌನ ಒಪ್ಪುತ್ತದೆ. ಅಕ್ಕ ಉತ್ತರಕ್ಕೆ ಕಾದಿರುವ ತಂಗಿಗೆ ಒಪ್ಪುವುದಿಲ್ಲ.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಐವರಲ್ಲಿ ನಾಲ್ವರಿಗೆ ಒಳ್ಳೆಯದಾಗುತ್ತದೆ, ನಾನು ಐದನೆಯವಳು. ಆದರೂ ಎಲುಬಿಗೆ ಎಲುಬು ತಾಗುತ್ತಿದ್ದ ಆ ಹಳೆಯ ನೋವಿಗೆ ನಾನು ಹಿಂದಿರುಗಲಾರೆ. ನಿನ್ನ ಕಾಲಿಗೆ ಏನಾಗುತ್ತದೆಂದು ನನ್ನ ಕಾಲನ್ನು ನೋಡಿ ಹೇಳಲಾಗದು ಎಂದೆ. ನೋಟುಪುಸ್ತಕವನ್ನು ಓದಿ ತೋರಿಸಿದೆ. ಅಕ್ಕ ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ಇಷ್ಟನ್ನು ಒಬ್ಬಳೇ ಇಟ್ಟುಕೊಂಡಿದ್ದೆಯಾ?" ಎಂದಳು. ಅಂದಿನ ರಾತ್ರಿ ನೋವು ಎಂದಿನಷ್ಟೇ ಇತ್ತು. ನಿದ್ರೆ ಮಾತ್ರ ಬಂತು.

ನಾಲ್ಕು ತಿಂಗಳ ಬಳಿಕ ಅಕ್ಕ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ಫೋನಿನಲ್ಲಿ ಕೇಳಿದಾಗಲೆಲ್ಲ "ಹೀಗೇ ಉಂಟು" ಎನ್ನುತ್ತಿದ್ದಳು. ಪಾಪ, ಇವಳಿಗೂ ನನ್ನ ಹಾಗೆಯೇ ಆಯಿತೆ ಎಂದು ನಾನು ಒಳಗೇ ಕುಗ್ಗಿದೆ. ಒಂದು ದಿನ ಅವಳ ಮಗಳು ಮಾತಿನ ನಡುವೆ ಅಂದಳು: "ಅಮ್ಮನಿಗೆ ನೋವೇ ಇಲ್ಲ ಚಿಕ್ಕಮ್ಮ. ಬಾವಿಕಟ್ಟೆಗೆ ದಿನಕ್ಕೆ ಎಂಟು ಸಲ ಹೋಗುತ್ತಾರೆ. ನಿಮಗೆ ಬೇಸರವಾಗುತ್ತದೆ ಎಂದು ಹೇಳುವುದಿಲ್ಲ."

ನಾನು ಕೂಡಲೆ ಅಕ್ಕನಿಗೆ ಫೋನು ಮಾಡಿದೆ. "ನನ್ನ ಬೇನೆಯನ್ನು ನಿನ್ನಿಂದ ಮುಚ್ಚಿಟ್ಟದ್ದು ತಪ್ಪು ಎಂದಾದರೆ, ನಿನ್ನ ಸುಖವನ್ನು ನನ್ನಿಂದ ಮುಚ್ಚಿಡುವುದು ಸರಿಯಾ ಅಕ್ಕ?" ಎಂದು ಕೇಳಿದೆ. ಆಚೆ ಕಡೆ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಮತ್ತೆ ಅವಳು, ಬಾವಿಕಟ್ಟೆಗೆ ಹೋಗುವಾಗ ಎಷ್ಟು ಹೆಜ್ಜೆ, ಬರುವಾಗ ಎಷ್ಟು ಹೆಜ್ಜೆ ಎಂದು ಒಂದೊಂದಾಗಿ ಹೇಳತೊಡಗಿದಳು. ನನ್ನ ಕಾಲು ಆಗಲೂ ಉರಿಯುತ್ತಿತ್ತು. ಅವಳು ಹೇಳಿ ಮುಗಿಸುವ ತನಕ ನಾನು ಕೇಳುತ್ತಾ ಕುಳಿತೆ.

(ಬಾನುಲಿ ಭಾಷಣ)