ವೋಮಾ ಹೆಬ್ಬಾವು, ಬಾಣಾವರದ ಎರಡು ತಲೆ ಹಾವು

ಇವತ್ತಿನ ಸಂಚಿಕೆ ಒಂದು ವಾಯ್ಸ್ ಮೆಸೇಜ್‌ನಿಂದ ಹುಟ್ಟಿದ್ದು. ಬಾಣಾವರದ ಕಡೆಯ ಕೇಳುಗರೊಬ್ಬರು ಕಳಿಸಿದ್ದಾರೆ, ಹೆಸರು ಹೇಳಬೇಡಿ ಅಂದಿದ್ದಾರೆ. ಅವರದು ಎರಡು ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ ವೋಮಾ ಅನ್ನೋ ಹೆಬ್ಬಾವನ್ನ ಮನೆಯಲ್ಲೇ ಸಾಕಿ, ಮರಿ ಮಾಡಿಸಿ ಮಾರೋದನ್ನ ಯೂಟ್ಯೂಬ್‌ನಲ್ಲಿ ನೋಡಿದೆ, ಅದನ್ನ ನಮ್ಮ ಅರಸೀಕೆರೆ ತಾಲ್ಲೂಕಿನಲ್ಲಿ ಮಾಡಬಹುದಾ? ಅದು ಆಗಲ್ಲ ಅಂದ್ರೆ, ನಮ್ಮ ತೋಟದಲ್ಲೇ ಸಿಗೋ ಎರಡು ತಲೆ ಹಾವನ್ನ ಸಾಕಿ ಮರಿ ಮಾಡಿಸಿದರೆ ಹೇಗೆ? ಜೊತೆಗೆ ಒಂದು ವಿಷಯ ಮೆಲ್ಲಗೆ ಸೇರಿಸಿದ್ದಾರೆ. ಅವರ ಸ್ನೇಹಿತನ ಮನೆಯಲ್ಲಿ ಅಂಥದ್ದೊಂದು ಹಾವು ಹದಿನೈದು ದಿನದಿಂದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಇದೆಯಂತೆ. "ಪಾರ್ಟಿ ಬರ್ತಾರೆ, ಲಕ್ಷಗಟ್ಟಲೆ ಕೊಡ್ತಾರೆ" ಅಂತ ಕಾಯ್ತಾ ಇದ್ದಾರಂತೆ.

ನಾನು ಓದಿದ್ದು ಬಿ.ಕಾಂ., ಪ್ರಾಣಿಶಾಸ್ತ್ರ ಅಲ್ಲ. ಆದರೆ ಈ ಕಥೆಯಲ್ಲಿ ಅರ್ಧ ಹಾವಿಂದು, ಇನ್ನರ್ಧ ಲೆಕ್ಕದ್ದು. ಮೊದಲು ಹಾವಿನ ಕಡೆ ಹೋಗೋಣ.

ವೋಮಾ ಅಂದರೆ ಆಸ್ಟ್ರೇಲಿಯಾದ ಒಣ ನಾಡಿನ ಹೆಬ್ಬಾವು. ವೈಜ್ಞಾನಿಕ ಹೆಸರು ಆಸ್ಪಿಡೈಟಿಸ್ ರಾಮ್ಸೇಯಿ, 1882ರಲ್ಲಿ ಇಟ್ಟದ್ದು. ಹೆಬ್ಬಾವು ಅಂದ ತಕ್ಷಣ ನಮ್ಮ ಮಲೆನಾಡಿನ ದೊಡ್ಡ ಹಾವನ್ನ ನೆನಪಿಸಿಕೊಳ್ಳಬೇಡಿ. ಇದು ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸು. ಬಣ್ಣ ಮಾತ್ರ ಚಂದ. ಮರಳಿನ ಬಣ್ಣ, ಕಿತ್ತಳೆ, ಕಂದು, ಅದರ ಮೇಲೆ ಗಾಢ ಪಟ್ಟೆಗಳು. ಮರಿಗಳಿಗೆ ಕಣ್ಣಿನ ಮೇಲೆ ಕಾಡಿಗೆ ತೀಡಿದ ಹಾಗೆ ಕಪ್ಪು ಮಚ್ಚೆ ಇರುತ್ತೆ. ಸೀಮೆಯಿಂದ ಸೀಮೆಗೆ ಬಣ್ಣ ಬದಲಾಗುತ್ತೆ, ಅದಕ್ಕೇ ಸಾಕುವವರು ಇದು ಟನಮಿ ಮರುಭೂಮಿಯ ತಳಿ, ಇದು ಉಲುರು ಕಡೆಯದು ಅಂತ ಬೇರೆ ಬೇರೆ ಇಟ್ಟುಕೊಳ್ತಾರೆ. ನಮ್ಮಲ್ಲಿ ಹಳ್ಳಿಕಾರ್, ಅಮೃತಮಹಲ್ ಅಂತ ತಳಿ ಕೆಡದ ಹಾಗೆ ನೋಡ್ಕೊಳ್ತಾರಲ್ಲ, ಹಾಗೆ. ಉಲುರು ಅಂದರೆ ಆ ದೊಡ್ಡ ಕೆಂಪು ಬಂಡೆ. ಅಲ್ಲಿನ ಮೂಲನಿವಾಸಿ ಅನಂಗು ಜನರ ಪುರಾಣದಲ್ಲಿ ಕುನಿಯಾ ಅನ್ನೋ ವೋಮಾ ಹೆಣ್ಣಿನ ಕಥೆಯೇ ಇದೆ.

ಇದರ ಸ್ವಭಾವ ಸ್ವಲ್ಪ ವಿಚಿತ್ರ. ಬಹುಪಾಲು ಹೆಬ್ಬಾವುಗಳಿಗೆ ತುಟಿಯ ಹತ್ತಿರ ಶಾಖ ಗ್ರಹಿಸೋ ಗುಳಿಗಳು ಇರ್ತವೆ, ಇದಕ್ಕೆ ಅವು ಇಲ್ಲ. ಇದರ ಊಟದಲ್ಲಿ ಹಲ್ಲಿ, ಓತಿ, ಬೇರೆ ಹಾವು ಜಾಸ್ತಿ, ಅವು ತಣ್ಣನೆ ಮೈಯವು. ಬಿಲದೊಳಗೆ ಸುತ್ತಿ ಹಿಸುಕೋಕೆ ಜಾಗ ಇರಲ್ಲ, ಹಾಗಾಗಿ ಬೇಟೆಯನ್ನ ಬಿಲದ ಗೋಡೆಗೆ ಒತ್ತಿ ಕೊಲ್ಲುತ್ತೆ. ಬಾಲದ ತುದಿ ಹುಳದ ಹಾಗೆ ಆಡಿಸಿ ಬೇಟೆಯನ್ನ ಹತ್ತಿರಕ್ಕೆ ಕರೆಯುತ್ತೆ. ವಿಷ ಇಲ್ಲ. ಕೈಗೆತ್ತಿಕೊಂಡರೆ ಸಾಧು. ಆದರೆ ಹಸಿದಾಗ ಎದುರಿಗೆ ಬಂದದ್ದೆಲ್ಲ ಊಟ ಅಂದುಕೊಳ್ಳುತ್ತೆ. ಅದಕ್ಕೇ ಅನುಭವಸ್ಥರು ಪೆಟ್ಟಿಗೆ ತೆಗೆದ ತಕ್ಷಣ ಕೈ ಹಾಕಲ್ಲ. ಕೊಕ್ಕೆಯಿಂದ ಒಮ್ಮೆ ಮೆಲ್ಲಗೆ ಮುಟ್ಟಿ, ಇದು ಊಟದ ಹೊತ್ತಲ್ಲ ಅಂತ ತಿಳಿಸಿ ಆಮೇಲೆ ಎತ್ತುತ್ತಾರೆ. ಒಂದು ಪೆಟ್ಟಿಗೆಯಲ್ಲಿ ಒಂದೇ ಹಾವು, ಯಾಕಂದ್ರೆ ಇದು ಹಾವು ತಿನ್ನೋ ಹಾವು. ಚಳಿಗಾಲದಲ್ಲಿ ರಾತ್ರಿಯ ಶಾಖ ಇಳಿಸಿ, ಆಗ ಮಾತ್ರ ಗಂಡು ಹೆಣ್ಣು ಜೊತೆ ಬಿಡ್ತಾರೆ, ಅದೂ ಪಕ್ಕದಲ್ಲೇ ಕಾಯ್ತಾ. ಹೆಣ್ಣು ಮೊಟ್ಟೆ ಇಟ್ಟು ಸುತ್ತಿಕೊಂಡು ಕಾವು ಕೊಡುತ್ತೆ. ಸಾಕುವವರು ಅದನ್ನ ತೆಗೆದು ಇನ್‌ಕ್ಯುಬೇಟರ್‌ನಲ್ಲಿಟ್ಟರೆ ಸುಮಾರು ಎರಡು ತಿಂಗಳಿಗೆ ಮರಿ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ದಕ್ಷಿಣ ಆಸ್ಟ್ರೇಲಿಯಾದ ರಾಕ್ಸ್‌ಬಿ ಡೌನ್ಸ್ ಹತ್ತಿರ ಅರಿಡ್ ರಿಕವರಿ ಅಂತ ಬೇಲಿ ಹಾಕಿದ ಸಂರಕ್ಷಿತ ಜಾಗ ಇದೆ. ಸೆರೆಯಲ್ಲಿ ಹುಟ್ಟಿದ 9 ವೋಮಾಗಳನ್ನ ಅಲ್ಲಿ ಕಾಡಿಗೆ ಬಿಟ್ಟರು. ನಾಲ್ಕು ತಿಂಗಳೊಳಗೆ ಒಂದೂ ಉಳಿಯಲಿಲ್ಲ. ಕೊಂದಿದ್ದು ಮುಖ್ಯವಾಗಿ ಮಲ್ಗಾ ಅನ್ನೋ ಇನ್ನೊಂದು ಹಾವು. ಪೆಟ್ಟಿಗೆಯಲ್ಲಿ ಬೆಳೆದ ಹಾವಿಗೆ ಶತ್ರು ಯಾರು ಅಂತ ಹೇಳಿಕೊಡೋರು ಯಾರು? "ಮರಿ ಮಾಡಿಸಿ ಅರ್ಧ ಮಾರ್ತೀನಿ, ಅರ್ಧ ಕಾಡಿಗೆ ಬಿಡ್ತೀನಿ, ಪುಣ್ಯ ಬರುತ್ತೆ" ಅನ್ನೋರಿಗೆ ಈ ಕಥೆ ಗೊತ್ತಿರಲಿ.

ಈಗ ಮೊದಲ ಪ್ರಶ್ನೆಗೆ ಉತ್ತರ. ಆಸ್ಟ್ರೇಲಿಯಾದಲ್ಲಿ ವೋಮಾ ಸಾಕೋದು ಲೈಸೆನ್ಸ್ ವ್ಯವಸ್ಥೆಯ ಒಳಗಿನ ಹವ್ಯಾಸ, ಅಲ್ಲಿನ ಸರ್ಕಾರ ತಮ್ಮ ನಾಡಿನ ಜೀವಂತ ಸರೀಸೃಪಗಳನ್ನ ವ್ಯಾಪಾರಕ್ಕೆ ಹೊರದೇಶಕ್ಕೆ ಬಿಡಲ್ಲ. ಬೇರೆ ದೇಶದ ಬ್ರೀಡರ್ ಹತ್ತಿರ ತರಿಸಬೇಕು ಅಂದ್ರೂ ಸೈಟ್ಸ್ ಪರವಾನಗಿ, ಆಮದು ಲೈಸೆನ್ಸ್ ಎರಡೂ ಬೇಕು. ಇಲ್ಲಿ 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂತು. 2023ರಲ್ಲಿ ಬ್ರೀಡಿಂಗ್ ಲೈಸೆನ್ಸ್ ನಿಯಮ ಬಂತು. 2024ರ ಫೆಬ್ರವರಿಯಲ್ಲಿ ನೋಂದಣಿ ನಿಯಮ ಬಂತು, ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಅಂದ್ರೆ ಕಾಗದ ಇದ್ದವರಿಗೆ ದಾರಿ ಇದೆ, ಆದರೆ ಉದ್ದದ ದಾರಿ. ಕಾಗದ ಇಲ್ಲದವರ ದಾರಿ ಬೆಂಗಳೂರು ವಿಮಾನ ನಿಲ್ದಾಣದ್ದು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಲಗೇಜಿನಲ್ಲಿ 234 ಪ್ರಾಣಿಗಳು ಸಿಕ್ಕವು, ಹೆಬ್ಬಾವುಗಳೂ ಇದ್ದವು, ಒಂದು ಕಾಂಗರೂ ಮರಿ ಸತ್ತೇ ಹೋಗಿತ್ತು. 2024ರ ಏಪ್ರಿಲ್‌ನಲ್ಲಿ ಒಬ್ಬ ಪ್ರಯಾಣಿಕನ ಬ್ಯಾಗಿನಲ್ಲಿ 10 ಹಳದಿ ಅನಕೊಂಡಾ. ಸೂಟ್‌ಕೇಸ್ ಒಳಗಿನ ಬಟ್ಟೆಗೂ ಅದಕ್ಕೂ ವ್ಯತ್ಯಾಸ ಇಲ್ಲದ ಹಾಗೆ.

ಎರಡನೇ ಪ್ರಶ್ನೆಗೆ ಬರೋಣ, ನಿಜವಾದ ವಿಷಯ ಇರೋದು ಇಲ್ಲೇ.

ಎರಡು ತಲೆ ಹಾವು, ಇರ್ತಲೆ ಹಾವು, ಮಣ್ಣುಮುಕ್ಕ, ಏನು ಬೇಕಾದರೂ ಕರೀರಿ. ಇಂಗ್ಲಿಷ್‌ನಲ್ಲಿ ರೆಡ್ ಸ್ಯಾಂಡ್ ಬೋವಾ, ಶಾಸ್ತ್ರದಲ್ಲಿ ಎರಿಕ್ಸ್ ಜೋನಿಯೈ. ತರಂಗಂಬಾಡಿಯಲ್ಲಿದ್ದ ಜರ್ಮನ್ ಪಾದ್ರಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್ ಅವರ ಹೆಸರಿನಿಂದ ಬಂದದ್ದು, 1801ರಲ್ಲಿ ಇಟ್ಟ ಹೆಸರು. ಇದಕ್ಕೆ ಇರೋದು ಒಂದೇ ತಲೆ. ಬಾಲ ಮೊಂಡು. ಹೆದರಿದಾಗ ತಲೆಯನ್ನ ಸುರುಳಿಯೊಳಗೆ ಬಚ್ಚಿಟ್ಟು ಬಾಲ ಎತ್ತಿ ತೋರಿಸುತ್ತೆ, ಹೊಡೆತ ಬಾಲಕ್ಕೆ ಬೀಳಲಿ ಅಂತ. ವೋಮಾ ಬಾಲದಲ್ಲಿ ಬೇಟೆ ಕರೆದರೆ, ನಮ್ಮದು ಬಾಲದಲ್ಲಿ ಜೀವ ಉಳಿಸಿಕೊಳ್ಳುತ್ತೆ. ಮೊಟ್ಟೆ ಇಡಲ್ಲ, ಮರಿ ಹಾಕುತ್ತೆ. ಮರಿಗಳಿಗೆ ಬಾಲದ ಕಡೆ ಕಪ್ಪು ಪಟ್ಟೆ ಇರುತ್ತೆ, ಬೆಳೀತಾ ಮಾಸಿ ಕೆಂಗಂದು ಬಣ್ಣವಾಗುತ್ತೆ. ಒಣ ಸೀಮೆ, ಸಡಿಲ ಮಣ್ಣು, ಇಲಿ ಬಿಲ, ಇವಿಷ್ಟಿದ್ದರೆ ಸಾಕು. ಬಾಣಾವರದ ರಾಗಿ ಹೊಲ, ತೆಂಗಿನ ತೋಟ ಅಂದರೆ ಅದಕ್ಕೆ ಮನೆ ಇದ್ದ ಹಾಗೆ. ತೆಂಗಿನಲ್ಲಿ ಇಲಿ ಮಾಡೋ ಹಾನಿ ತೋಟ ಇರೋರಿಗೆ ನಾನು ಹೇಳಬೇಕಿಲ್ಲ.

ಕಚ್ಚಲ್ಲ, ಓಡಲ್ಲ, ಚೀಲಕ್ಕೆ ಹಾಕಿದರೆ ಸುಮ್ಮನೆ ಮಲಗಿರುತ್ತೆ. ನನ್ನ ಪ್ರಕಾರ ಈ ಸಾಧು ಗುಣವೇ ಅದಕ್ಕೆ ಮುಳುವಾಗಿರೋದು. ನಾಗರಹಾವಿಗೆ ಕೋಟಿ ಬೆಲೆ ಅಂತ ಯಾಕೆ ಯಾರೂ ಗಾಳಿ ಸುದ್ದಿ ಹಬ್ಬಿಸಲ್ಲ? ಹಿಡಿಯೋಕೆ ಧೈರ್ಯ ಬೇಕು. ಮಣ್ಣುಮುಕ್ಕ ಹಿಡಿಯೋಕೆ ದುರಾಸೆ ಸಾಕು.

ಈಗ ಲೆಕ್ಕ. ಬೆಲೆ ಅಂದರೆ ಕೊಳ್ಳೋನೊಬ್ಬ ಇರಬೇಕು, ಅವನಿಗೆ ಆ ವಸ್ತುವಿನಿಂದ ಏನೋ ಉಪಯೋಗ ಇರಬೇಕು. ಕೊಬ್ಬರಿ ತಗೊಳ್ಳಿ. ಅರಸೀಕೆರೆ ಮಾರುಕಟ್ಟೆಯಲ್ಲಿ ಇವತ್ತಿನ ಧಾರಣೆ ಏನು ಅಂತ ಯಾರನ್ನ ಕೇಳಿದರೂ ಹೇಳ್ತಾರೆ, ಯಾಕಂದ್ರೆ ದಿನಾ ಕೊಳ್ಳೋರಿದ್ದಾರೆ. ಎರಡು ತಲೆ ಹಾವಿನ ಧಾರಣೆ? ಒಬ್ಬ ಐದು ಲಕ್ಷ ಅಂತಾನೆ, ಇನ್ನೊಬ್ಬ ಐದು ಕೋಟಿ ಅಂತಾನೆ. ನಿಧಿ ತೋರಿಸುತ್ತೆ, ಕಾಯಿಲೆಗೆ ಔಷಧಿ, ಅದೃಷ್ಟ, ಹೀಗೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳ್ತಾರೆ, ಒಂದಕ್ಕೂ ಆಧಾರ ಇಲ್ಲ. ಇಂತಿಷ್ಟು ಕೆಜಿ ತೂಗಿದರೆ ಮಾತ್ರ ಪಾರ್ಟಿ ತಗೊಳ್ಳೋದು ಅಂತ ಷರತ್ತು ಬೇರೆ. ಈ ಹಾವು ಒಂದು ಮೀಟರ್ ದಾಟೋದೇ ಅಪರೂಪ. ಹಾಗಾಗಿ ಷರತ್ತು ಯಾವತ್ತೂ ಪೂರೈಸಲ್ಲ, ಮಧ್ಯವರ್ತಿ ಮಾತ್ರ ಓಡಾಟದ ಖರ್ಚು, ಟೆಸ್ಟಿಂಗ್ ಖರ್ಚು ಅಂತ ಇಸ್ಕೊಳ್ತಾನೇ ಇರ್ತಾನೆ. ರೈಸ್ ಪುಲ್ಲಿಂಗ್ ಚೊಂಬು, ಇಪ್ಪತ್ತು ಉಗುರಿನ ಆಮೆ, ಎಲ್ಲ ಒಂದೇ ಅಂಗಡಿ ಮಾಲು.

ಡಬ್ಲ್ಯೂಸಿಎಸ್-ಇಂಡಿಯಾ ಸಂಸ್ಥೆ 2016ರಿಂದ 2021ರವರೆಗಿನ ಪ್ರಕರಣಗಳನ್ನ ಲೆಕ್ಕ ಹಾಕಿತ್ತು. ದೇಶದಲ್ಲಿ ಈ ಹಾವು ವಶಪಡಿಸಿಕೊಂಡ 172 ಪ್ರಕರಣ. ನಮ್ಮ ಪತ್ರಿಕೆಗಳಲ್ಲೂ "ಎರಡು ತಲೆ ಹಾವು ಮಾರಾಟ ಯತ್ನ, ಬಂಧನ" ಅನ್ನೋ ತಲೆಬರಹ ನೀವು ಓದಿರ್ತೀರಿ. ನಾನು ಓದಿದ ಇಂಥ ಸುದ್ದಿಗಳಲ್ಲಿ ಸಿಕ್ಕಿಬಿದ್ದೋರು ಹಿಡಿದವರು, ಸಾಗಿಸಿದವರು, ಕಮಿಷನ್ ಆಸೆಗೆ ಬಂದವರು. ಕೋಟಿ ಕೊಡೋ ಪಾರ್ಟಿಯನ್ನ ಒಂದು ಸುದ್ದಿಯಲ್ಲೂ ನೋಡಿಲ್ಲ. ಎಷ್ಟೋ ಸಲ ಗಿರಾಕಿ ವೇಷದಲ್ಲಿ ಬಂದಿದ್ದು ಪೊಲೀಸರೇ.

ಸಾಕಿ ಮರಿ ಮಾಡಿಸಬಹುದಾ ಅಂದರೆ, ಇಲ್ಲ. ಇದು ನಮ್ಮ ನೆಲದ ವನ್ಯಜೀವಿ, 1972ರ ಕಾಯ್ದೆಯ ರಕ್ಷಣೆ ಇದೆ. ಹಿಡಿಯೋದು, ಇಟ್ಟುಕೊಳ್ಳೋದು, ಮಾರೋದು ಮೂರೂ ಅಪರಾಧ. ಪರಿವೇಶ್ ನೋಂದಣಿ ಇದಕ್ಕೆ ಅನ್ವಯಿಸಲ್ಲ. ಜೈಲು, ದಂಡದ ಜೊತೆಗೆ, ಸಾಗಿಸಿದ ಗಾಡಿ ಕೂಡ ಸರ್ಕಾರದ ಪಾಲಾಗಬಹುದು. ಕಂತು ಇನ್ನೂ ಕಟ್ತಾ ಇರೋ ಬೈಕು ಅಂತ ಕಾನೂನು ನೋಡಲ್ಲ.

ಇನ್ನೊಂದು ಅಪಾಯ ಇದೆ, ಇದು ಜೀವದ್ದು. ಮಣ್ಣುಮುಕ್ಕದ ದಾಯಾದಿ ಒಂದಿದೆ, ಒರಟು ಹುರುಪೆ, ಮೈಮೇಲೆ ಕಂದು ಮಚ್ಚೆ. ಅದು ನೋಡೋಕೆ ಕೊಳಕುಮಂಡಲದ ಹಾಗೇ ಇರುತ್ತೆ. ಸಂಜೆ ಬೆಳಕಿನಲ್ಲಿ ತೋಟದ ಗರಿ ರಾಶಿ ಕೆದಕಿ, ಲಕ್ಷ ಸಿಗುತ್ತೆ ಅಂತ ಕೈ ಹಾಕಿದವನಿಗೆ ಸಿಕ್ಕಿದ್ದು ಕೊಳಕುಮಂಡಲ ಆಗಿದ್ದರೆ? ಹಾವು ಕಚ್ಚಿದರೆ ನಾಟಿ ಔಷಧಿ, ಮಂತ್ರ ಅಂತ ಹೊತ್ತು ಕಳೀಬೇಡಿ, ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ.

ಮೆಸೇಜ್ ಕಳಿಸಿದವರಿಗೆ ಕೊನೆಯದಾಗಿ. ನಿಮ್ಮ ಸ್ನೇಹಿತನಿಗೆ ಈ ಸಂಚಿಕೆ ಕೇಳಿಸಿ. ಆ ಡ್ರಮ್ಮನ್ನ ಬಿಸಿಲಿನಿಂದ ನೆರಳಿಗೆ ಸರಿಸಲಿ. ರಾತ್ರೋರಾತ್ರಿ ದೂರ ಎಲ್ಲೋ ಬಿಟ್ಟು ಬರೋದು ಬೇಡ, ಗೊತ್ತಿಲ್ಲದ ಜಾಗದಲ್ಲಿ ಅದಕ್ಕೆ ಬಿಲವೂ ಗೊತ್ತಿರಲ್ಲ, ದಾರಿಯಲ್ಲಿ ಸಿಕ್ಕಿಬಿದ್ದರೆ ಸಾಗಾಟ ಅಂತಲೇ ಆಗುತ್ತೆ. ಅರಣ್ಯ ಇಲಾಖೆಯ ಸಹಾಯವಾಣಿ ಸಂಖ್ಯೆ 1926. ಪಾರ್ಟಿ ಫೋನ್ ಮಾಡೋಕೆ ಮುಂಚೆ ಇವರೇ ಆ ನಂಬರಿಗೆ ಫೋನ್ ಮಾಡಲಿ. ಕೇಸಿನ ಭಯ ಇದ್ದರೆ ಮೊದಲು ಪರಿಚಯದ ವಕೀಲರ ಹತ್ತಿರ ಮಾತಾಡಲಿ, ಆದರೆ ಇವತ್ತೇ. ಹದಿನಾರನೇ ದಿನ ಬೇಡ.