ಪಾಲನಾಲಯಗಳಿಂದ ಹೊರಬರುವ ತರುಣರೂ ನಮ್ಮ ಕರ್ತವ್ಯವೂ



ತಂದೆತಾಯಿಗಳ ಆಸರೆಯಿಲ್ಲದ ಮಕ್ಕಳಿಗೆ ಅನ್ನ, ವಸ್ತ್ರ, ವಿದ್ಯೆಗಳನ್ನೀಯುವುದು ಪುಣ್ಯಕಾರ್ಯವೆಂಬಲ್ಲಿ ಈ ಸಭೆಯಲ್ಲಿ ಎರಡು ಮಾತಿಲ್ಲ. ಆದುದರಿಂದ ಅದನ್ನು ವಿಸ್ತರಿಸಿ ಹೇಳುವುದು ನನ್ನ ಉದ್ದೇಶವಲ್ಲ. ಹಾಗೆ ಬೆಳೆದ ಮಗುವಿಗೆ 18 ವರ್ಷಗಳು ತುಂಬಿದ ಮೇಲೆ ಅದರ ಗತಿಯೇನು ಎಂಬುದೇ ಇಂದಿನ ವಿಚಾರವು.

ನಮ್ಮ ದೇಶದಲ್ಲಿ 18 ವರ್ಷ ತುಂಬಿದವರು ಪ್ರಾಪ್ತವಯಸ್ಕರು. ಮನೆಯಲ್ಲಿ ಬೆಳೆದ ಮಗನಿಗೆ ಆ ದಿನವು ಬಂದು ಹೋದುದೇ ತಿಳಿಯದು. ಅಂದು ರಾತ್ರಿಯೂ ಅವನ ತಟ್ಟೆ ಅಲ್ಲಿಯೇ ಇರುವುದು, ಹಾಸಿಗೆಯೂ ಅಲ್ಲಿಯೇ ಇರುವುದು. ಸರಕಾರದ ಬಾಲಮಂದಿರದಲ್ಲಿಯೋ ಅನಾಥಾಲಯದಲ್ಲಿಯೋ ಬೆಳೆದವನಿಗಾದರೋ ಅದು ಬಾಗಿಲು ದಾಟಬೇಕಾದ ದಿನವು. ಅದು ಯಾವ ದಿನವೆಂಬುದೂ ಎಷ್ಟೋ ಸಲ ನಿಶ್ಚಿತವಲ್ಲ. ಶಾಲೆಯ ದಾಖಲೆಯಾಗಲಿ, ಪಂಚಾಯಿತಿ ಪುರಸಭೆಗಳ ಜನನಪತ್ರವಾಗಲಿ ಇಲ್ಲದಿದ್ದರೆ, ವೈದ್ಯರು ಎಲುಬಿನ ಬೆಳವಣಿಗೆಯನ್ನು ಪರೀಕ್ಷಿಸಿ ವಯಸ್ಸನ್ನು ಅಂದಾಜು ಮಾಡುವರು. ಶಾಲೆಯ ದಾಖಲೆಯಿದ್ದರೂ, ಹುಟ್ಟಿದ ದಿನ ತಿಳಿಯದ ಮಗುವಿಗೆ ಜೂನ್ 1 ಎಂದು ಬರೆದುಬಿಡುವುದು ನಮ್ಮ ಹಳ್ಳಿಗಳ ಮೇಷ್ಟರುಗಳ ಹಳೆಯ ವಾಡಿಕೆ. ಕಾಲೇಜು ಸೇರಬೇಕಾದ, ಶುಲ್ಕ ಕಟ್ಟಬೇಕಾದ ಕಾಲವೂ ಅದೇ. ಅಂದಾಜಿನ ತಾರೀಖೊಂದು ಒಬ್ಬ ತರುಣನ ವಿದ್ಯೆಯನ್ನು ನಡುವಿನಲ್ಲಿಯೇ ಕಡಿಯಬಹುದೆಂಬುದನ್ನು ತಾವು ಮನಗಾಣಬೇಕು.

ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಓದುವ ವಿದ್ಯಾರ್ಥಿಗಳೂ ಬಡವರೇ ಅಲ್ಲವೇ ಎಂದು ಕೆಲವರು ಕೇಳಬಹುದು. ಬಡವರು ಅಹುದು. ಆದರೆ ಅವರಲ್ಲಿ ಬಹುಮಂದಿಗೆ ರಜೆ ಬಂದೊಡನೆ ಹೋಗಲು ಒಂದು ಊರುಂಟು. ಊರಿನಲ್ಲಿ ಮಣ್ಣಿನ ಗೋಡೆಯದಾದರೂ ಒಂದು ಮನೆಯುಂಟು. ‘ಬಂದೆಯಾ, ಉಂಡೆಯಾ’ ಎಂದು ಕೇಳುವ ಒಬ್ಬ ಅಜ್ಜಿಯಾದರೂ ಉಂಟು. ನಾನು ಹೇಳುತ್ತಿರುವ ತರುಣರಲ್ಲಿ ಹಲವರಿಗೆ ಈ ಮೂರೂ ಇಲ್ಲ. ಬಡತನ ಬೇರೆ, ನಿರಾಶ್ರಯ ಬೇರೆ.

ಇನ್ನು ಕಾಯಿದೆಯ ಮಾತು. 2015ನೆಯ ಇಸವಿಯ ಬಾಲನ್ಯಾಯ ಕಾಯಿದೆಯ 46ನೆಯ ಪ್ರಕರಣದಲ್ಲಿ, 18 ತುಂಬಿ ಸಂಸ್ಥೆಯನ್ನು ಬಿಡುವವರು ಸಮಾಜದಲ್ಲಿ ಸೇರಿಕೊಳ್ಳುವಂತೆ ಹಣದ ನೆರವನ್ನು ಕೊಡಬಹುದೆಂದಿದೆ. ಇದಕ್ಕೆ ಅನುಪಾಲನೆಯೆಂದು ಹೆಸರು. 21 ವರ್ಷದವರೆಗೂ, ವಿಶೇಷ ಸಂದರ್ಭಗಳಲ್ಲಿ 23ರವರೆಗೂ ಇದು ದೊರೆಯಬಹುದೆಂದು 2016ರ ಮಾದರಿ ನಿಯಮಗಳು ಹೇಳುತ್ತವೆ. ಆರರಿಂದ ಎಂಟು ಮಂದಿ ಕೂಡಿ ಬಾಳುವ ತಾತ್ಕಾಲಿಕ ವಸತಿ, ಕಸುಬು ಕಲಿಯುವಾಗ ವೇತನ, ಸ್ವಂತ ಉದ್ಯೋಗಕ್ಕೆ ಸಾಲ ಇವೆಲ್ಲವೂ ಆ ನಿಯಮಗಳಲ್ಲಿವೆ. ಕೇಂದ್ರದ ‘ಮಿಷನ್ ವಾತ್ಸಲ್ಯ’ ಯೋಜನೆಯಲ್ಲಿ ತಿಂಗಳಿಗೆ 4,000 ರೂಪಾಯಿಗಳ ಸಹಾಯವನ್ನು ಗೊತ್ತುಮಾಡಿದೆ.

ಇವು ಸಣ್ಣ ಮಾತುಗಳಲ್ಲ. ಆದರೆ ಕಾಯಿದೆಯ ಪದವು ‘ಕೊಡಬಹುದು’ ಎಂದಿದೆಯೇ ಹೊರತು ‘ಕೊಡತಕ್ಕದ್ದು’ ಎಂದಿಲ್ಲ. ಶಾಸ್ತ್ರವನ್ನೋದಿದವರು ವಿಧಿಗೂ ಅನುಮತಿಗೂ ಇರುವ ಭೇದವನ್ನು ಬಲ್ಲರು. ವಿಧಿಯಿದ್ದಲ್ಲಿ ಮಾಡದವನು ದೋಷಿಯಾಗುವನು; ಅನುಮತಿಯಿದ್ದಲ್ಲಿ ಕೇಳಲು ಬಲ್ಲವನಿಗೆ ಮಾತ್ರ ಫಲವು ದೊರೆಯುವುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕವೆಲ್ಲಿದೆ, ಅರ್ಜಿಯನ್ನು ಹೇಗೆ ಬರೆಯಬೇಕು ಎಂಬುದನ್ನು ತಿಳಿಯದ ಹುಡುಗನು ಯಾರನ್ನು ಕೇಳಬೇಕು? ಇಂಗ್ಲೆಂಡಿನಲ್ಲಿ 2017ರ ಕಾಯಿದೆಯು, ಇಂತಹ ತರುಣರು ಬಯಸಿದಲ್ಲಿ 25 ವರ್ಷದವರೆಗೆ ಅವರಿಗೆಂದೇ ಒಬ್ಬ ಸಲಹೆಗಾರರನ್ನು ಒದಗಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳ ಮೇಲೆ ಹೊರಿಸಿದೆ. ಹಣದೊಡನೆ ಒಬ್ಬ ಮನುಷ್ಯನೂ ಬೇಕೆಂಬುದನ್ನು ಅಲ್ಲಿ ಕಂಡುಕೊಂಡರು.

ಮನುಷ್ಯನೇಕೆ ಬೇಕೆಂದರೆ ಕೇಳಿರಿ. ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು ಬೆಳೆದವನು ಸಂತೆಯಲ್ಲಿ ಚೌಕಾಶಿ ಮಾಡಿದವನಲ್ಲ. ತಿಂಗಳ ಸಂಬಳವನ್ನು ಮೂವತ್ತು ದಿನಗಳಿಗೆ ಹಂಚಿದವನಲ್ಲ. ಬಾಡಿಗೆಗೆ ಕೋಣೆ ಕೇಳಹೋದರೆ ‘ಯಾರ ಮಗ, ಯಾವ ಊರು, ಜಾಮೀನು ಯಾರು’ ಎಂಬ ಮೂರು ಪ್ರಶ್ನೆಗಳು ಬರುವುವು. ಮೇಲೆ ಹಲವು ತಿಂಗಳ ಮುಂಗಡವನ್ನೂ ಎಣಿಸಬೇಕಾಗುವುದು. ಜ್ವರ ಬಂದರೆ ಗಂಜಿ ಕಾಯಿಸುವವರಿಲ್ಲ. ಕೆಲಸ ಹೋದರೆ ಮರಳಿ ಹೋಗಲು ಮನೆಯಿಲ್ಲ. ಹೆಣ್ಣುಮಗಳಾದರಂತೂ, ‘ಬೇಗ ಮದುವೆ ಮಾಡಿ ಕೈತೊಳೆದುಕೊಳ್ಳೋಣ’ ಎಂಬ ಹಿತೈಷಿಗಳೇ ಹೆಚ್ಚು. ಮದುವೆಯು ಅವಳ ಇಚ್ಛೆಯಿಂದ ಆಗಬೇಕಲ್ಲದೆ ತಂಗಲು ತಾಣವಿಲ್ಲದ ಕಾರಣದಿಂದ ಆಗಬಾರದು.

ಹೀಗೆ ಆಸರೆ ಕೊಡುತ್ತ ಹೋದರೆ ಇವರು ಸೋಮಾರಿಗಳಾಗುವುದಿಲ್ಲವೇ ಎಂಬುದೊಂದು ಆಕ್ಷೇಪವಿದೆ. ಈ ಸಭೆಯಲ್ಲಿರುವ ತಂದೆಗಳನ್ನೇ ಕೇಳುತ್ತೇನೆ: ತಮ್ಮ ಮಕ್ಕಳಲ್ಲಿ ಎಷ್ಟು ಮಂದಿ 18ಕ್ಕೆ ಮನೆಯನ್ನು ಬಿಟ್ಟರು? 25 ತುಂಬಿದ ಮಗನು ಮನೆಯಲ್ಲುಂಡರೆ ಅದನ್ನು ನಾವು ಸೋಮಾರಿತನವೆನ್ನುವುದಿಲ್ಲ, ಸಂಸಾರವೆನ್ನುತ್ತೇವೆ. ಕಾಯಕದಲ್ಲಿ ನಿಲ್ಲಲು ಕಾಲಿಗೆ ಮೊದಲು ನೆಲ ಬೇಕು. ಸಸಿಗೆ ನೀರೆರೆದು, ಹೂವು ಬಿಡುವ ಕಾಲಕ್ಕೆ ಬೇಲಿಯನ್ನು ಕಿತ್ತವನು ತೋಟಗಾರನೆನಿಸಲಾರನು.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹಗಳಿವು. ಹುಟ್ಟುಹಬ್ಬದಂದು ಬಾಲಮಂದಿರಕ್ಕೆ ಸಿಹಿ ಹಂಚುವವರು, ಅಲ್ಲಿಂದ ಆ ವರ್ಷ ಹೊರಡುವವರಿಗೆ ಏನಾಗಬೇಕೆಂದೂ ವಿಚಾರಿಸಿರಿ. ಆಧಾರ್, ಜನನಪತ್ರ, ಬ್ಯಾಂಕಿನ ಖಾತೆ, ಅಂಕಪಟ್ಟಿ ಇವು ಕೈಸೇರಿವೆಯೇ ಎಂಬುದನ್ನು 18 ತುಂಬುವುದಕ್ಕೆ ಮೊದಲೇ ಸಂಸ್ಥೆಯವರೊಡನೆ ಕೂಡಿ ನೋಡಿರಿ. ಮನೆಯುಳ್ಳವರು ಒಂದು ಕೋಣೆಯನ್ನು ಮುಂಗಡವಿಲ್ಲದೆ ಕೊಡಿರಿ. ಇಲ್ಲದವರು ಜಾಮೀನು ನಿಲ್ಲಿರಿ. ಅಂಗಡಿ, ಮುದ್ರಣಾಲಯ, ಕಾರ್ಖಾನೆಗಳುಳ್ಳವರು ಸಂಬಳ ಕೊಟ್ಟು ಕಸುಬು ಕಲಿಸಿರಿ. ಉಪಕಾರದ ಹೆಸರಿನಲ್ಲಿ ಬಿಟ್ಟಿ ದುಡಿಸಬೇಡಿರಿ. ವೇದಿಕೆಗೆ ಕರೆದು ‘ಈತ ಅನಾಥ’ ಎಂದು ತೋರಿಸಿ ಶಾಲು ಹೊದಿಸಬೇಡಿರಿ. ಕೊಟ್ಟ ಕೈಗಿಂತ ಪಡೆದವನ ಮಾನವು ದೊಡ್ಡದು. ಯುಗಾದಿ ದೀಪಾವಳಿಗಳಿಗೆ ಮನೆಗೆ ಕರೆದು ಪಂಕ್ತಿಯಲ್ಲಿ ಕೂರಿಸಿಕೊಳ್ಳಿರಿ, ಮುಂದಿನ ವರ್ಷವೂ ಕರೆಯಿರಿ. ಒಮ್ಮೆ ಕರೆದು ಮರೆಯುವುದಕ್ಕಿಂತ ಕರೆಯದಿರುವುದೇ ಲೇಸು.

ನೂರು ಮಕ್ಕಳಿಗೆ ಒಂದು ದಿನದ ಊಟವನ್ನಿಡುವುದು ಸುಲಭ; ಒಬ್ಬ ತರುಣನಿಗೆ ಐದು ವರ್ಷಗಳ ಕಾಲ ‘ನಮ್ಮವನು’ ಎನ್ನುವುದು ಕಷ್ಟ. ಈ ಕಷ್ಟದ ಕೆಲಸಕ್ಕೆ ಇಲ್ಲಿ ನೆರೆದವರಲ್ಲಿ ಹತ್ತು ಮನೆಗಳಾದರೂ ಮುಂದಾಗಲಿ ಎಂದು ಬಿನ್ನವಿಸುವೆನು.