ಬಂದೂಕಿಗಿಂತ ಸ್ಟ್ರೆಚರ್ ಹೆಚ್ಚು ಹೊತ್ತವನ ನಾಲ್ಕು ಮಾತು



ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟಂಟ್ ಆಗಿದ್ದವನು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹುಡುಗರಿಗೆ ಮಿಲಿಟರಿ ಅಂದರೆ ಬಂದೂಕು. ನನ್ನ ಹೆಗಲು ಹೆಚ್ಚು ಹೊತ್ತದ್ದು ಸ್ಟ್ರೆಚರು.

ಈ ದಳ ಹುಟ್ಟಿದ್ದು 1943ರ ಏಪ್ರಿಲ್ 3ರಂದು. ಅದಕ್ಕೆ ಮೊದಲು ಇಂಡಿಯನ್ ಮೆಡಿಕಲ್ ಸರ್ವಿಸ್, ಇಂಡಿಯನ್ ಮೆಡಿಕಲ್ ಡಿಪಾರ್ಟ್‌ಮೆಂಟ್, ಇಂಡಿಯನ್ ಹಾಸ್ಪಿಟಲ್ ಕೋರ್ ಎಂದು ಮೂರು ಬೇರೆ ಬೇರೆ ಇದ್ದವು. ಎರಡನೆಯ ಮಹಾಯುದ್ಧದ ನಡುವೆ ಅವನ್ನು ಒಂದುಗೂಡಿಸಿದರು.

ಗಾಯಾಳುವಿನ ದಾರಿ ಹೀಗಿರುತ್ತದೆ. ಗುಂಡು ತಗುಲಿದಲ್ಲೇ ಜೊತೆಗಾರ ಪಟ್ಟಿ ಕಟ್ಟುತ್ತಾನೆ. ಅಲ್ಲಿಂದ ಪಲ್ಟನ್ನಿನ ಡಾಕ್ಟರ ಬಳಿಗೆ, ಆಮೇಲೆ ಫೀಲ್ಡ್ ಆಂಬುಲೆನ್ಸಿಗೆ, ಅಲ್ಲಿಂದ ಹಿಂದಿನ ಆಸ್ಪತ್ರೆಗೆ. ಫೀಲ್ಡ್ ಆಂಬುಲೆನ್ಸ್ ಅಂದರೆ ಗಾಡಿಯಲ್ಲ, ನೂರಾರು ಜನರ ಒಂದು ಘಟಕ! ಕೊರಿಯಾ ಯುದ್ಧಕ್ಕೆ 1950ರಲ್ಲಿ ಭಾರತ ಕಳಿಸಿದ್ದು ಅಂಥದೇ ಒಂದನ್ನು, ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್. ಕಾದಾಡುವ ಪಡೆ ಕಳಿಸಲಿಲ್ಲ, ಗಾಯ ಕಟ್ಟುವವರನ್ನು ಕಳಿಸಿತು.

ಯುದ್ಧ ಬಂದಾಗ ಇರುವ ಕೈಗಳು ಸಾಲುವುದಿಲ್ಲ. ಅದಕ್ಕೇ ಮೀಸಲು. ಒಂದು, ನೌಕರಿ ಮುಗಿಸಿ ಮನೆಗೆ ಬಂದವನ ಹೆಸರು ಪಟ್ಟಿಯಲ್ಲಿರುತ್ತದೆ; 1888ರಷ್ಟು ಹಳೆಯ ಕಾನೂನು, ಕರೆದರೆ ಹೋಗಬೇಕು. ಇನ್ನೊಂದು ಟೆರಿಟೋರಿಯಲ್ ಆರ್ಮಿ. 1948ರಲ್ಲಿ ಕಾಯ್ದೆಯಾಯಿತು, 1949ರ ಅಕ್ಟೋಬರ್ 9ರಂದು ರಾಜಾಜಿಯವರು ಉದ್ಘಾಟಿಸಿದರು. ಅಲ್ಲಿ ಮನುಷ್ಯ ತನ್ನ ಉದ್ಯೋಗದಲ್ಲೇ ಇದ್ದು ವರ್ಷಕ್ಕಿಷ್ಟು ದಿನ ತರಬೇತಿ ಪಡೆಯುತ್ತಾನೆ. ಅದರಲ್ಲಿ ಜನರಲ್ ಆಸ್ಪತ್ರೆಯ ಘಟಕಗಳೂ ಇವೆ.

ನಮ್ಮ ಕಾಕಾ ಮೊದಲ ಬಗೆಯವರು. 1971ರಲ್ಲಿ ಭತ್ತದ ಕೊಯ್ಲು ಅರ್ಧಕ್ಕಿದ್ದಾಗ ತಾರು ಬಂತು. ಅಜ್ಜಿ, "ಸುಗ್ಗಿ ಮುಗಿಸಿ ಹೋಗೋ ತಮ್ಮಾ" ಅಂದಳು. ಕಾಕಾ ಕುಡಗೋಲನ್ನು ಅಪ್ಪನ ಕೈಗೆ ಕೊಟ್ಟು ಟ್ರಂಕು ಎತ್ತಿಕೊಂಡರು. ತಿರುಗಿ ಬಂದ ಮೇಲೆ ಅಲ್ಲಿಯದನ್ನು ಒಂದು ಮಾತೂ ಹೇಳಲಿಲ್ಲ. ಆದರೆ ಕಾಲಿಗೆ ಕುಡಗೋಲು ತಗುಲಿದವರು ಮೊದಲು ಓಡಿ ಬರುತ್ತಿದ್ದದ್ದು ನಮ್ಮ ಕಟ್ಟೆಗೇ. ನಾನು ಈ ದಳ ಸೇರಿದ್ದು ಅದನ್ನು ನೋಡಿಯೇ.

ಇನ್ನೊಂದು ಹೇಳಲೇಬೇಕು. ನಾನು ಪಿಂಚಣಿ ಬಂದು ಊರಲ್ಲಿದ್ದಾಗ ಗೋವಿನಜೋಳ ತುಂಬಿದ ಟ್ರೇಲರ್ ಉರುಳಿ ಒಬ್ಬ ಹುಡುಗ ಕೆಳಗೆ ಸಿಕ್ಕ. ನಾನು ಹೋಗುವುದರೊಳಗೆ ಜನ ಅವನ ಕೈಕಾಲು ಹಿಡಿದೆತ್ತಿ, ಮಡಚಿ, ಟಂಟಂನಲ್ಲಿ ಕೂರಿಸಿದ್ದರು. ಪ್ರೀತಿಯಿಂದಲೇ ಮಾಡಿದರು. ಹುಡುಗ ಉಳಿದ, ನಡೆಯುವುದಿಲ್ಲ. ಬಿದ್ದದ್ದರಿಂದಲೋ ಎತ್ತಿದ್ದರಿಂದಲೋ, ಯಾರೂ ಹೇಳಲಾರರು. ಬೆನ್ನಿಗೆ ಪೆಟ್ಟಾದವನನ್ನು ಕುತ್ತಿಗೆ ಅಲುಗದಂತೆ ಹಿಡಿದು, ಮೈ ತಿರುಚದೆ ಹಲಗೆಯ ಮೇಲೆ ಸರಿಸಬೇಕು. ಅದಕ್ಕೆ ನಾಲ್ಕೈದು ಜನ ಕೂಡಿಯೇ ಕಲಿಯಬೇಕು. ಒಬ್ಬನಿಗೆ ಗೊತ್ತಿದ್ದರೆ ಸಾಲದು.

ಹೆಡ್ ಮಾಸ್ತರರು ಒಪ್ಪಿದ್ದಾರೆ. ಬರುವ ರವಿವಾರ ಮುಂಜಾನೆ ಎಂಟಕ್ಕೆ ಇದೇ ಮೈದಾನಕ್ಕೆ ಬನ್ನಿ, ಹೆಣ್ಣುಮಕ್ಕಳೂ ಬನ್ನಿ. ಹಲಗೆ, ಬಿದಿರುಗಳ, ಕಂಬಳಿ ನಾನು ತರುತ್ತೇನೆ. ಟ್ರ್ಯಾಕ್ಟರ್ ಓಡಿಸುವವರು ತಪ್ಪದೆ ಬರಬೇಕು.